ರೆಕ್ಕೆಯ ಮೂಗಿಗೆ ಪ್ಲೈವುಡ್ ಬಗ್ಗಿಸಿದ ಬಗೆ

ಇಂಗ್ಲೆಂಡಿನ ನಮ್ಮ ಗ್ಯಾರೇಜಿನಲ್ಲಿ ಕಟ್ಟುತ್ತಿರುವುದು ಜೋಡೆಲ್ ಡಿ9. 1948ರಲ್ಲಿ ಫ್ರಾನ್ಸಿನಲ್ಲಿ ಮೊದಲು ಹಾರಿದ, ಒಬ್ಬರೇ ಕೂರುವ ಪುಟ್ಟ ಮರದ ವಿಮಾನ. ಸ್ಪಾರ್ (ರೆಕ್ಕೆಯುದ್ದಕ್ಕೂ ಸಾಗುವ ಮುಖ್ಯ ತೊಲೆ), ರಿಬ್‌ಗಳೆಲ್ಲ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಕ್ಕೆಲುಬುಗಳು) ಸಲೀಸಾಗಿ ಕೂತವು. ತಕರಾರು ತೆಗೆದದ್ದು ರೆಕ್ಕೆಯ ಮುಂಭಾಗ. 1.5 ಮಿ.ಮೀ. ಬರ್ಚ್ ಪ್ಲೈವುಡ್ ಮೂಗಿನ ತಿರುವಿಗೆ ಬಂದ ಕೂಡಲೇ ಚಟಚಟ ಎನ್ನುತ್ತಿತ್ತು, ಹೊರಪದರದಲ್ಲಿ ಕೂದಲೆಳೆಯಂಥ ಸೀಳು ಕಾಣುತ್ತಿತ್ತು.

ಹೊರಪದರದ ಎಳೆ ಬಾಗಿನ ಗುಂಟ ಸುತ್ತಿಬಂದರೆ ಹಲಗೆ ಸೆಟೆದು ನಿಲ್ಲುತ್ತದೆ. ಎಳೆ 45 ಡಿಗ್ರಿ ಓರೆಯಾಗಿರುವ ಹಾಳೆ ಹಾಕಿದೆ. ಅದು ಸುಲಭವಾಗಿ ಬಾಗುತ್ತದೆ, ರೆಕ್ಕೆ ತಿರುಚಿಕೊಳ್ಳದಂತೆ ಹಿಡಿಯುವುದರಲ್ಲೂ ಅದರದೇ ಮೇಲುಗೈ.

ಬಾಗುವ ಜಾಗದ ಹೊರಮೈಗೆ ಕುದಿನೀರಲ್ಲಿ ಅದ್ದಿದ ಟವೆಲ್ ಹೊದಿಸಿ, ಆರಿದಂತೆಲ್ಲ ಬಿಸಿನೀರು ಸುರಿದೆ. ಮೆತ್ತಗಾದ ಮೇಲೆ, ಅಂಟು ಹಚ್ಚದೆ, ರಿಬ್‌ಗಳ ಮೇಲೆ ಸುತ್ತಿ ಅಗಲವಾದ ಪಟ್ಟಿಗಳಿಂದ ನಿಧಾನವಾಗಿ ಬಿಗಿದೆ. ಸದ್ದೇ ಇಲ್ಲ! ಪೂರ್ತಿ ಒಣಗುವವರೆಗೆ ಬಿಚ್ಚಲಿಲ್ಲ. ಇಲ್ಲಿ ಅವಸರ ಬೇಡವೇ ಬೇಡ: ಒದ್ದೆ ಮರಕ್ಕೆ ಎಪಾಕ್ಸಿ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಬಿಚ್ಚಿದಾಗ ಹಾಳೆ ತುಸು ಅರಳಿತು, ಆಕಾರ ಉಳಿಯಿತು. ಅಂಟು ಬೀಳುವ ಜಾಗವನ್ನು ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ, ಅದನ್ನು ಬಿಟ್ಟು ಉಳಿದ ಒಳಮೈಗೆಲ್ಲ ವಾರ್ನಿಷ್ ಬಳಿದೆ. ಮುಚ್ಚಿದ ಮೇಲೆ ಕೈ ಹೋಗುವುದಿಲ್ಲ. ಅಂಟಿಸುವಾಗ ಅದೇ ಅಂಟಿನಲ್ಲಿ ಎರಡು ಚೂರು ಮರ ಕೂಡಿಸಿಟ್ಟು, ಗಟ್ಟಿಯಾದ ಮೇಲೆ ಮುರಿದು ನೋಡಿದೆ. ಸೀಳಿದ್ದು ಮರ, ಬೆಸುಗೆಯಲ್ಲ. ಈಗ ಎಡ ರೆಕ್ಕೆಗೂ ಟವೆಲ್ ಹೊದಿಸಿದ್ದೇನೆ.