ಪಿಕಪ್ ಮೈಲೇಜ್: ಮೊದಲು ಲೆಕ್ಕ ಸರಿ ಹಾಕಿ

ನಮ್ಮ ಭಾವನ ಪಿಕಪ್ ಒಂದು ವಾರ ಲೀಟರಿಗೆ 16 ಕಿಲೋಮೀಟರ್ ಕೊಡುತ್ತದೆ, ಮರುವಾರ 10. ಗಾಡಿಯೂ ಅದೇ, ಪೆರ್ಲದಿಂದ ಅಡಿಕೆ ಹೇರಿಕೊಂಡು ಮಂಗಳೂರಿಗೆ ಹೋಗುವ ದಾರಿಯೂ ಅದೇ. ಎರಡು ಸಾವಿರದ ಡೀಸೆಲ್ ಹಾಕಿಸಿ, ಮುಳ್ಳು ಎಲ್ಲಿಗೆ ಬಂತು ಅಂತ ನೋಡಿ ಮೈಲೇಜ್ ಹೇಳುವವರೇ ನಮ್ಮ ಕಡೆ ಜಾಸ್ತಿ. ಮುಳ್ಳನ್ನು ನಂಬಬೇಡಿ. ಏರಿನಲ್ಲಿ ನಿಲ್ಲಿಸಿದರೆ ಅದು ಒಂದು ತೋರಿಸುತ್ತದೆ, ಇಳಿಜಾರಿನಲ್ಲಿ ಇನ್ನೊಂದು.

1. ಟ್ಯಾಂಕ್ ಫುಲ್ ಮಾಡಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ.

ಎಲ್ಲರೂ ಎಡವುವುದು ಈ 'ಫುಲ್' ಅನ್ನುವಲ್ಲೇ. ಡೀಸೆಲ್ ನೊರೆ ಬರುತ್ತದೆ. ಬಂಕಿನ ಹುಡುಗ ಜೋರಾಗಿ ಬಿಟ್ಟರೆ ನೊರೆ ಮೇಲೇರಿ ನಳಿಗೆಯ ಬಾಯಿಗೆ ತಾಗುತ್ತದೆ, ಟಕ್ ಅಂತ ನಿಲ್ಲುತ್ತದೆ, ಒಳಗೆ ಇನ್ನೂ ಜಾಗ ಇರುತ್ತದೆ. ಹಾಗಾಗಿ 'ನಿಧಾನ ಬಿಡಿ' ಅಂತ ಹೇಳಿ. ಮೊದಲ ಟಕ್ ಆದಮೇಲೆ ಎರಡು ನಿಮಿಷ ಕಾಯಿರಿ, ನೊರೆ ಇಳಿಯಲಿ. ಮತ್ತೆ ನಿಧಾನವಾಗಿ ಬಿಡಿಸಿ, ಎರಡನೇ ಟಕ್‌ಗೆ ನಿಲ್ಲಿಸಿ. ಹಿಂದೆ ಕ್ಯೂ ಇದ್ದವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಮೀಟರಿನಲ್ಲಿ ರೌಂಡ್ ಫಿಗರ್ ಬರಲಿ ಅಂತ ಕತ್ತಿನವರೆಗೆ ತುಂಬಿಸುವ ಚಾಳಿ ಬಿಡಿ.

ಮುಂದಿನ ಸಲವೂ ಅದೇ ಬಂಕ್, ಅದೇ ಪಂಪ್, ಗಾಡಿಯ ಮುಖವೂ ಅದೇ ದಿಕ್ಕಿಗೆ. ಕೇರಳಕ್ಕಿಂತ ಕರ್ನಾಟಕದಲ್ಲಿ ಡೀಸೆಲ್ ಅಗ್ಗ ಅಂತ ಗಡಿಯ ತಲಪಾಡಿ ದಾಟಿ ಹಾಕಿಸುವುದು ನಮಗೆಲ್ಲ ರೂಢಿ, ತಪ್ಪೇನಿಲ್ಲ. ಆದರೆ ಒಮ್ಮೆ ಆಚೆ, ಒಮ್ಮೆ ಈಚೆ ಕುಂಬಳೆಯಲ್ಲಿ ತುಂಬಿಸಿದರೆ ಲೆಕ್ಕ ಕೆಟ್ಟಿತು.

2. ಕಡಿಮೆಯೆಂದರೆ 400 ಕಿಲೋಮೀಟರ್ ಓಡಿಸಿ. 100 ಕಿಲೋಮೀಟರಿಗೇ ಅಳೆದರೆ ನೊರೆಯ ಒಂದು ಲೀಟರ್ ವ್ಯತ್ಯಾಸವೇ 12.5 ಇದ್ದದ್ದನ್ನು 14ರ ಮೇಲೆ ತೋರಿಸುತ್ತದೆ.

3. ಮತ್ತೆ ಫುಲ್ ಮಾಡಿ, ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. 412ಕ್ಕೆ 34.2 ಲೀಟರ್ ಹಿಡಿದರೆ 12, ಅಷ್ಟೇ. ಬಿಲ್ಲಿನ ಹಿಂದೆ ಎಷ್ಟು ಲೋಡ್ ಇತ್ತು ಅಂತ ಬರೆದಿಡಿ. ಮೂರು ಸಲ ಮಾಡಿದ ಮೇಲಷ್ಟೇ ಆ ನಂಬರನ್ನು ಬಾಯಿಬಿಟ್ಟು ಹೇಳಿ.

ಇನ್ನು ಹೆಚ್ಚಿಸುವ ವಿಷಯ. ಡೀಸೆಲ್ ಪೈಪಿಗೆ ಕಟ್ಟುವ ಆಯಸ್ಕಾಂತ, ಟ್ಯಾಂಕಿಗೆ ಸುರಿಯುವ ಬಣ್ಣದ ಬಾಟಲಿ, ಇವೆಲ್ಲ ಸುಮ್ನೆ. ನಾನೂ ಒಂದು ಬಾಟಲಿ ತಂದು ಸುರಿದವನೇ, ಖಾಲಿಯಾಗಿದ್ದು ನನ್ನ ಜೇಬು. ಆ ದುಡ್ಡಿಗೆ ಏರ್ ಫಿಲ್ಟರ್ ಹಾಕಿಸಿ. ಕೆಂಪುಕಲ್ಲು ಕಡಿಯುವ ಪಣೆಗೆ ಹೋಗುವ ಗಾಡಿಯಾದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಬುಕ್ಕಿನಲ್ಲಿ ಬರೆದ ಕಿಲೋಮೀಟರ್ ಆಗಲಿ ಅಂತ ಕಾಯಬೇಡಿ, ತೆಗೆದು ನೋಡಿ.

ಟಯರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಬಿಸಿಯಾಗುವ ಮೊದಲು ನೋಡಿಸಿ. ಲೋಡ್ ಇದ್ದಾಗ ಹಿಂದಿನ ಟಯರಿಗೆ ಬೇರೆ ಲೆಕ್ಕ ಇರುತ್ತದೆ. ಗಾಡಿಯ ಬುಕ್ಕಿನಲ್ಲಿ ಇದ್ದಷ್ಟೇ ಹಾಕಿಸಿ, ಅಂಗಡಿಯವನ ಅಂದಾಜು ಬೇಡ. ಹೈವೇಯಲ್ಲಿ 60ರ ಆಸುಪಾಸಿನಲ್ಲಿ ಹೋಗಿ. 80ಕ್ಕೆ ಏರಿಸಿದರೆ ಎದುರುಗಾಳಿಯೇ ಡೀಸೆಲ್ ಕುಡಿಯುತ್ತದೆ. ಸಡಿಲ ಟಾರ್ಪಾಲ್ ಪಟಪಟ ಬಡಿಯುತ್ತಿದ್ದರೆ ಇನ್ನೂ ಜಾಸ್ತಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರಿಗೆ ಒಂದು ಮಾತು. ಗೇರಿನಲ್ಲೇ ಇಟ್ಟು ಆಕ್ಸಿಲೇಟರ್‌ನಿಂದ ಕಾಲು ತೆಗೆದರೆ ಈಗಿನ ಡೀಸೆಲ್ ಎಂಜಿನ್ನಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ನಡೆಯಲು ಡೀಸೆಲ್ ಬೇಕೇ ಬೇಕು, ಮೇಲಿಂದ ಲೋಡ್ ಗಾಡಿಯ ಬ್ರೇಕ್ ಕಾದು ಬಿಸಿಯಾಗುತ್ತದೆ. ಯಾವ ಉಳಿತಾಯ ಇದು?

ಇಷ್ಟಾದರೂ ನಂಬರ್ ಏರದಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು. ಸಮತಟ್ಟಾದ ಕಡೆ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಒಂದೊಂದೇ ಚಕ್ರ ಜಾಕ್‌ನಲ್ಲಿ ಎತ್ತಿ ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಭಾವನ ಗಾಡಿಯ ಹಿಂದಿನ ಎಡಚಕ್ರ ಅರ್ಧ ಸುತ್ತಿಗೇ ನಿಂತಿತು.