ರಾಕೆಟ್ ಆಳೆತ್ತರ, ಲ್ಯಾಂಡರ್ ಅಂಗೈಯಷ್ಟು: ಶಾಲೆಯಲ್ಲಿ ಚಂದ್ರಯಾನ-3 ಮಾದರಿ ಮಾಡುವ ಬಗೆ

ಆಗಸ್ಟ್ 23 ಹತ್ತಿರ ಬಂದರೆ ಸಾಕು, ಶಾಲೆ ಶಾಲೆಯಲ್ಲೂ ಥರ್ಮಾಕೋಲ್ ರಾಕೆಟ್‌ಗಳು ಏಳುತ್ತವೆ. ರಾಷ್ಟ್ರೀಯ ಬಾಹ್ಯಾಕಾಶ ದಿನ ಅಲ್ವಾ. ನಾನು ಚಿತ್ತಾಪುರ ತಾಲ್ಲೂಕಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಇಂಥ ಮಾದರಿಗಳನ್ನು ಬಹಳ ನೋಡಿದ್ದೇನೆ. ಬಹುತೇಕ ಎಲ್ಲದರಲ್ಲೂ ಒಂದೇ ತೊಂದರೆ. ರಾಕೆಟ್ ಮೊಳದುದ್ದ ಇರುತ್ತದೆ, ಪಕ್ಕದಲ್ಲಿ ಲ್ಯಾಂಡರ್ ಅದಕ್ಕಿಂತ ದಪ್ಪ. "ಇದರೊಳಗ ಅದು ಹ್ಯಾಂಗ ಕುಂತಿತ್ತು?" ಅಂತ ಯಾರಾದರೂ ಕೇಳಿದರೆ ಮಕ್ಕಳು ಮುಖ ಮುಖ ನೋಡುತ್ತಾರೆ. ಅದಕ್ಕೇ ಹೇಳುವುದು: ಎಲ್ಲವನ್ನೂ ಒಂದೇ ಅಳತೆಯಲ್ಲಿ ಮಾಡಿ. ಆಗ ಅರ್ಧ ವಿವರಣೆಯನ್ನು ಮಾದರಿಯೇ ಕೊಡುತ್ತದೆ.

ನಾನು ಇಟ್ಟುಕೊಳ್ಳುವ ಅಳತೆ, 1 ಮೀಟರ್‌ಗೆ 4 ಸೆಂಟಿಮೀಟರ್. ಚಂದ್ರಯಾನ-3ನ್ನು 2023ರ ಜುಲೈ 14ರಂದು ಶ್ರೀಹರಿಕೋಟಾದಿಂದ ಒಯ್ದ ಎಲ್‌ವಿಎಂ3 ರಾಕೆಟ್ 43.5 ಮೀಟರ್ ಎತ್ತರ. ನಮ್ಮ ಮಾದರಿ 174 ಸೆಂ.ಮೀ. ಆಗುತ್ತದೆ, ಅಂದರೆ ಆಳೆತ್ತರ. ಈ ಅಳತೆಗೆ ಇನ್ನೊಂದು ಅನುಕೂಲ ಇದೆ. ನಡುವಿನ ಕೊಳವೆಯ ಅಡ್ಡಳತೆ 4 ಮೀಟರ್, ನಮಗೆ 16 ಸೆಂ.ಮೀ. ಅದರ ಸುತ್ತಳತೆ 50 ಸೆಂ.ಮೀ. ಅಂಗಡಿಯಲ್ಲಿ ಸಿಗುವ ದೊಡ್ಡ ಡ್ರಾಯಿಂಗ್ ಶೀಟ್ 56 ಸೆಂ.ಮೀ. ಅಗಲ ಇರುತ್ತದೆ. ಸುತ್ತಿದರೆ ಅಂಟಿಸಲು 6 ಸೆಂ.ಮೀ. ಮಿಗುತ್ತದೆ, ಕತ್ತರಿಸುವ ಕೆಲಸವೇ ಇಲ್ಲ. ತುದಿಯಲ್ಲಿ ನೌಕೆಯನ್ನು ಮುಚ್ಚಿಕೊಳ್ಳುವ ಟೊಪ್ಪಿಗೆಯ ಅಡ್ಡಳತೆ 5 ಮೀಟರ್, ನಮಗೆ 20 ಸೆಂ.ಮೀ. ಅದಕ್ಕೆ ಶೀಟನ್ನು ಉದ್ದುದ್ದ ತಿರುಗಿಸಿ ಸುತ್ತಿ. ಪಕ್ಕದಲ್ಲಿ ರಾಕೆಟನ್ನು ನೆಲದಿಂದ ಮೇಲೆತ್ತುವ ಎರಡು ಕೊಳವೆಗಳಿರುತ್ತವೆ, ಎಸ್200 ಬೂಸ್ಟರ್ ಅಂತ; ಅವಕ್ಕೆ 13 ಸೆಂ.ಮೀ. ಅಡ್ಡಳತೆ, 105 ಸೆಂ.ಮೀ. ಉದ್ದ. ನಡುವಿನ ಕೊಳವೆ 131, ಟೊಪ್ಪಿಗೆ 43.

ಬರೀ ಶೀಟ್ ನಿಲ್ಲುವುದಿಲ್ಲ, ನಡು ಬಾಗುತ್ತದೆ. ದಪ್ಪ ರಟ್ಟಿನಲ್ಲಿ ಬಳೆಗಳನ್ನು ಕತ್ತರಿಸಿ ಗೇಣಿಗೊಂದರಂತೆ ಒಳಗೆ ಕೂರಿಸಿ. ನೆಟ್ಟಗೆ ನಿಲ್ಲಿಸಲು ಒಳಗೊಂದು ತೊಗರಿ ಕಟ್ಟಿಗೆ ಹಾಕಿ. ನಮ್ಮ ಕಡೆ ಅದಕ್ಕೇನು ಬರ? ಒಣಗಿದ್ದು, ಹಗುರ ಇರುತ್ತದೆ, ಗಟ್ಟಿಯೂ ಇರುತ್ತದೆ. ಅಂಟಿಗೆ ಮೈದಾ ಬೇಡ. ಆಗಸ್ಟ್ ತಿಂಗಳ ತಂಪಿಗೆ ಅದು ಒಣಗುವುದೇ ಇಲ್ಲ, ಒಣಗಿದರೆ ಇಲಿ ಬಿಡುವುದಿಲ್ಲ. ಫೆವಿಕಾಲ್ ಹಚ್ಚಿ, ಸುತಳಿ ಬಿಗಿದು ಒಂದು ರಾತ್ರಿ ಬಿಡಿ.

ಬೂಸ್ಟರ್‌ಗಳನ್ನೂ ಟೊಪ್ಪಿಗೆಯನ್ನೂ ಅಂಟಿಸಿಬಿಡಬೇಡಿ. ವೆಲ್ಕ್ರೋ ಪಟ್ಟಿಯಲ್ಲಿ ಕೂರಿಸಿ, ಕೀಳುವಂತಿರಲಿ. ಹಾರುವಾಗ ಕಳಚಿಕೊಳ್ಳುವ ಭಾಗಗಳು ಅವು, ಮಗು ಹೇಳುತ್ತಾ ಹೇಳುತ್ತಾ ಕಳಚಿ ತೋರಿಸಲಿ. ಬೆಂಕಿ ತೋರಿಸಲು ಕೆಂಪು ಕಾಗದ ಅಂಟಿಸುತ್ತೀರಲ್ಲ, ಅಲ್ಲೊಂದು ಗಮನ ಇರಲಿ. ನೆಲ ಬಿಡುವಾಗ ಉರಿಯುವುದು ಎರಡು ಬೂಸ್ಟರ್ ಮಾತ್ರ. ನಡುವಿನ ಕೊಳವೆಯ ಕೆಳಭಾಗಕ್ಕೆ ಎಲ್110 ಹಂತ ಅನ್ನುತ್ತಾರೆ, ಅದರ ಎರಡು ವಿಕಾಸ್ ಎಂಜಿನ್‌ಗಳು ಹೊತ್ತಿಕೊಳ್ಳುವುದು ಎರಡು ನಿಮಿಷ ಆಗುವುದಕ್ಕೆ ಸ್ವಲ್ಪ ಮೊದಲು, ಆಕಾಶದಲ್ಲಿ. ಹಾಗಾಗಿ ನಿಂತ ರಾಕೆಟ್‌ನ ನಡುವಿನ ಕೊಳವೆಗೆ ಕೆಂಪು ಕಾಗದ ಬೇಡ. ಅದರ ಮೇಲಿನ ಸಿ25 ಹಂತದಲ್ಲಿ ದ್ರವ ಹೈಡ್ರೋಜನ್ ಮತ್ತು ದ್ರವ ಆಮ್ಲಜನಕ ಇರುತ್ತವೆ. ಹಾರಿದ 16 ನಿಮಿಷಕ್ಕೆ ನೌಕೆ ರಾಕೆಟ್‌ನಿಂದ ಬೇರೆ ಆಯಿತು. ಬಣ್ಣ ಬಿಳಿ ಸಾಕು, ಮೇಲೊಂದು ತಿರಂಗ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ರಾಕೆಟ್ ಮುಂದೆ ಒಂದು ಮೇಜು ಹಾಕಿ, ಬಟ್ಟಲುಗಳಲ್ಲಿ ತೊಗರಿ ಬೇಳೆ ಇಡಿ. ಹಾರುವಾಗ ರಾಕೆಟ್‌ನ ತೂಕ ಸುಮಾರು 640 ಟನ್. ಒಂದು ಟನ್ನಿಗೆ ಒಂದು ಗ್ರಾಂ ಬೇಳೆ ಅಂತ ಲೆಕ್ಕ ಹಿಡಿಯಿರಿ. ಎರಡು ಬಟ್ಟಲಿಗೆ ತಲಾ 205 ಗ್ರಾಂ ಹಾಕಿ, ಅದು ಬೂಸ್ಟರ್‌ಗಳ ಇಂಧನ. ಮೂರನೆಯದಕ್ಕೆ 115, ಅದು ಎಲ್110ಕ್ಕೆ. ನಾಲ್ಕನೆಯದಕ್ಕೆ 28, ಅದು ಸಿ25ಕ್ಕೆ. ಇನ್ನೊಂದರಲ್ಲಿ 80ರ ಆಸುಪಾಸು, ಅದು ಖಾಲಿ ಕೊಳವೆ, ಎಂಜಿನ್ ಇತ್ಯಾದಿ. ಕೊನೆಯ ಬಟ್ಟಲಲ್ಲಿ 3.9 ಗ್ರಾಂ, ಒಂದು ಚಿಟಿಕೆ. ಚಂದ್ರನತ್ತ ಹೊರಟಿದ್ದು ಅಷ್ಟೇ. ಆ ಚಿಟಿಕೆಯಲ್ಲೂ ಅರ್ಧಕ್ಕಿಂತ ಜಾಸ್ತಿ ಪ್ರೊಪಲ್ಷನ್ ಮಾಡ್ಯೂಲ್, ಅಂದರೆ ಲ್ಯಾಂಡರನ್ನು ಚಂದ್ರನ ಕಕ್ಷೆಯವರೆಗೆ ಒಯ್ದ ಭಾಗ, ಅದು ಇಳಿಯಲೇ ಇಲ್ಲ. ಇಳಿದ ಲ್ಯಾಂಡರ್ 1.75 ಗ್ರಾಂ. ಅದರೊಳಗಿನ 26 ಕಿಲೋ ರೋವರ್ ಈ ಲೆಕ್ಕಕ್ಕೆ ಒಂದು ಬೇಳೆಯಷ್ಟೂ ತೂಗುವುದಿಲ್ಲ. ಇಷ್ಟು ಸಣ್ಣ ತೂಕಕ್ಕೆ ಕಿರಾಣಿ ತಕ್ಕಡಿ ನಡೆಯುವುದಿಲ್ಲ, ಊರಿನ ಅಕ್ಕಸಾಲಿಗರನ್ನು ಕೇಳಿ. ಬೇಳೆ ಬೆಳೆಯುವ ನಮ್ಮ ಜನಕ್ಕೆ ಈ ಬಟ್ಟಲುಗಳನ್ನು ಬಿಡಿಸಿ ಹೇಳಬೇಕಿಲ್ಲ. ಸುಮ್ನೆ ನಿಂತು ನೋಡುತ್ತಾರೆ, ಆಮೇಲೆ ಪಕ್ಕದವರನ್ನೂ ಕರೆಯುತ್ತಾರೆ.

ಲ್ಯಾಂಡರ್ ನಮ್ಮ ಅಳತೆಯಲ್ಲಿ 8 ಸೆಂ.ಮೀ. ಅಗಲ, ಅಷ್ಟೇ ಉದ್ದ, ಐದಕ್ಕಿಂತ ಚೂರು ಕಡಿಮೆ ಎತ್ತರ. ರಟ್ಟಿನ ಡಬ್ಬಿ ಮಾಡಿ ಬಂಗಾರದ ಬಣ್ಣದ ಹಾಳೆ ಸುತ್ತಿ. ಅದು ಅಲಂಕಾರಕ್ಕಲ್ಲ, ಬಿಸಿಲು ಮತ್ತು ಚಳಿ ತಡೆಯಲು ಅಂತ ಮಕ್ಕಳಿಗೆ ಹೇಳಿಕೊಡಿ. ಪಕ್ಕಗಳಿಗೆ ಸೌರಫಲಕದ ನೀಲಿ ಕಾಗದ. ಕಾಲು ನಾಲ್ಕು. ಅಡಿಯಲ್ಲಿ ಎಂಜಿನ್ನೂ ನಾಲ್ಕೇ. ನಡುವೆ ಐದನೆಯದನ್ನು ಅಂಟಿಸಿದರೆ ಅದು ಚಂದ್ರಯಾನ-2ರ ಲ್ಯಾಂಡರ್ ಆಗುತ್ತದೆ, 2019ರ ಸೆಪ್ಟೆಂಬರ್‌ನಲ್ಲಿ ಇಳಿಯುವಾಗ ಬಿದ್ದುಹೋಯಿತಲ್ಲ, ಅದು. ರೋವರ್ ಬೆಂಕಿಪೆಟ್ಟಿಗೆಗಿಂತ ಸಣ್ಣದು, ಆರು ಚಕ್ರ. ಪ್ರೊಪಲ್ಷನ್ ಮಾಡ್ಯೂಲ್ ಒಂದು ಪೆಟ್ಟಿಗೆ, ಒಂದು ಪಕ್ಕಕ್ಕೆ ಒಂದೇ ದೊಡ್ಡ ಸೌರಫಲಕ. ಇವೆಲ್ಲ ಟೊಪ್ಪಿಗೆಯೊಳಗೆ ಕೂರಬೇಕು. ಕೂತರೆ ನಿಮ್ಮ ಅಳತೆ ಸರಿ.

ಚಂದ್ರನ ನೆಲಕ್ಕೆ ಶಹಾಬಾದ್ ಪರಸಿ ಕಲ್ಲು ಪಾಲಿಷ್ ಮಾಡುವಲ್ಲಿ ಬೀಳುವ ಬೂದು ಪುಡಿ ಬಹಳ ಚೆನ್ನ. ಸಿಗದಿದ್ದರೆ ಒಲೆಯ ಬೂದಿ ಜರಡಿ ಹಿಡಿಯಿರಿ. ಹಾಕುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಪರಾತದಲ್ಲಿ ಹರಡಿ, ಬೇರೆ ಬೇರೆ ಎತ್ತರದಿಂದ ಗೋಲಿಗುಂಡು ಬಿಡಿ. ಅಂಚು ಎದ್ದ ಗುಂಡಿಗಳು ತಾನಾಗಿ ಆಗುತ್ತವೆ, ಕೈಯಿಂದ ತೋಡಿದ್ದು ಹಾಗೆ ಬರುವುದಿಲ್ಲ. ಇಸ್ರೋದವರೂ ಲ್ಯಾಂಡರ್ ಪರೀಕ್ಷೆಗೆ ನಮ್ಮ ರಾಜ್ಯದ ಚಳ್ಳಕೆರೆ ಹತ್ತಿರ ಇಂಥ ಗುಂಡಿಗಳನ್ನು ತೋಡಿಸಿದ್ದರು. ಟಾರ್ಚನ್ನು ಪಕ್ಕದಿಂದ, ತಗ್ಗಿಸಿ ಹಿಡಿಯಿರಿ. ಇಳಿದ ಜಾಗ ದಕ್ಷಿಣಕ್ಕೆ 69 ಡಿಗ್ರಿ ಅಕ್ಷಾಂಶದಲ್ಲಿದೆ. ಸೂರ್ಯ ಅಲ್ಲಿ ನೆತ್ತಿಗೆ ಬರುವುದೇ ಇಲ್ಲ, ನೆರಳು ಉದ್ದುದ್ದ.

ಇನ್ನು ಇಳಿಯುವುದು. ಇದನ್ನು ಮೇಜಿನ ಮೇಲೆ ತೋರಿಸಲು ಹೋಗಬೇಡಿ, ಅಂಗಳಕ್ಕೆ ಬನ್ನಿ. ಮೇಲಿಂದ ನೆಟ್ಟಗೆ ಕೆಳಗಿಳಿಯಿತು ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ. ನಿಜದಲ್ಲಿ ಅದು 30 ಕಿ.ಮೀ. ಎತ್ತರದಲ್ಲಿ, ಸೆಕೆಂಡಿಗೆ 1.68 ಕಿ.ಮೀ. ವೇಗದಲ್ಲಿ ಅಡ್ಡಡ್ಡ ಹೋಗುತ್ತಿತ್ತು. ಕಲಬುರಗಿಯಿಂದ ಸೇಡಂಗೆ ಅರ್ಧ ನಿಮಿಷ! ಬ್ರೇಕ್ ಹಾಕಲು ಶುರು ಮಾಡಿದ್ದು ಇಳಿಯುವ ಜಾಗಕ್ಕೆ ಸುಮಾರು 745 ಕಿ.ಮೀ. ಇರುವಾಗ.

10 ಕಿ.ಮೀ.ಗೆ 1 ಮೀಟರ್ ಅಂತ ಇಟ್ಟುಕೊಂಡರೆ ನಿಮಗೆ 75 ಮೀಟರ್ ಜಾಗ ಬೇಕು. ಒಂದು ತುದಿಗೆ 3 ಮೀಟರ್ ಎತ್ತರದ ಕೋಲು ನೆಟ್ಟು, ಅದರ ತಲೆಯಿಂದ ಸುತಳಿ ಎಳೆಯಿರಿ. 71 ಮೀಟರ್‌ನಲ್ಲಿ ಸುತಳಿ ಮುಕ್ಕಾಲು ಮೀಟರ್ ಎತ್ತರಕ್ಕೆ ಬರಲಿ, ಕೊನೆಯಲ್ಲಿ ನೆಲ ಮುಟ್ಟಲಿ. ಸುತಳಿ ಎಷ್ಟು ಮಲಗಿದೆ ಅಂತ ನೋಡಿದಾಗಲೇ ವಿಷಯ ಅರ್ಥವಾಗುವುದು. ಈಗ 34, 57, 71 ಮೀಟರ್‌ಗೆ ಸುಣ್ಣದ ಗೆರೆ ಹಾಕಿ. ಗಡಿಯಾರವನ್ನು ಹತ್ತು ಪಟ್ಟು ಜೋರು ಮಾಡಿದರೆ, 690 ಸೆಕೆಂಡಿನ ಮೊದಲ ಬ್ರೇಕ್ 69 ಸೆಕೆಂಡ್ ಆಗುತ್ತದೆ. ಲ್ಯಾಂಡರ್ ಹಿಡಿದ ಮಗು ಬಸ್ ತಪ್ಪೀತು ಅನ್ನುವವರಂತೆ ಸರಸರ ನಡೆದು, ಮೊದಲ ಗೆರೆಯನ್ನು 23ನೇ ಸೆಕೆಂಡಿಗೆ, ಎರಡನೆಯದನ್ನು 46ಕ್ಕೆ, ಮೂರನೆಯದನ್ನು 69ಕ್ಕೆ ಮುಟ್ಟಬೇಕು. ಒಬ್ಬರು ಸೆಕೆಂಡ್ ಎಣಿಸಲಿ. ಕೊನೆಗೆ ನಡಿಗೆ ತೀರಾ ನಿಧಾನ ಆಗಿರುತ್ತದೆ. ಸರಿಸುಮಾರು ಲೆಕ್ಕ ಇದು, ಆದರೆ ವೇಗ ಹೇಗೆ ಇಳಿಯಿತು ಅನ್ನುವುದು ಮಗುವಿನ ಕಾಲಿಗೇ ಗೊತ್ತಾಗುತ್ತದೆ. ಮೂರನೇ ಗೆರೆಯಲ್ಲಿ ಒಂದು ಸೆಕೆಂಡ್ ಹಾಗೇ ಮುಂದೆ ಸಾಗುತ್ತಾ ಲ್ಯಾಂಡರ್‌ನ ಅಡಿಯನ್ನು ನೆಲದ ಕಡೆ ತಿರುಗಿಸಲಿ, ಉಳಿದ ದೂರವನ್ನು 17 ಸೆಕೆಂಡಿನಲ್ಲಿ ಮುಗಿಸಲಿ.

ಕೊನೆಯ 150 ಮೀಟರ್ ಈ ಅಳತೆಗೆ ಕಾಣುವುದೇ ಇಲ್ಲ. ಅದಕ್ಕೆ ಪರಾತದ ಮೇಲೆ ರಾಟೆ ಕಟ್ಟಿ, 1 ಮೀಟರ್‌ಗೆ 1 ಸೆಂ.ಮೀ. ಲೆಕ್ಕದಲ್ಲಿ ಒಂದೂವರೆ ಮೀಟರ್ ಎತ್ತರದಿಂದ ಇಳಿಸಿ. ಮೊದಲು ತಡೆದು ನಿಲ್ಲಿಸಿ. ಲ್ಯಾಂಡರ್ ಅಲ್ಲಿ ಕ್ಯಾಮೆರಾದಿಂದ ಕೆಳಗೆ ಗುಂಡಿ, ಕಲ್ಲು ಇದೆಯೇ ಅಂತ ತಾನೇ ನೋಡಿಕೊಂಡಿತು. ಬೆಂಗಳೂರಿನಿಂದ ಸ್ಟಿಯರಿಂಗ್ ತಿರುಗಿಸಲು ಆಗುವುದಿಲ್ಲ, ಸಂದೇಶ ಹೋಗಲು 1.3 ಸೆಕೆಂಡ್ ಬೇಕು, ಬರಲು ಮತ್ತಷ್ಟು. ಆಮೇಲೆ ಸೆಕೆಂಡಿಗೆ ಎರಡು ಸೆಂ.ಮೀ.ಗಿಂತ ಕಡಿಮೆ ವೇಗದಲ್ಲಿ ಬಿಡಿ. ನಿಜದ ಲ್ಯಾಂಡರ್ ಹೀಗೆ ನೆಲ ಮುಟ್ಟಿದ್ದು 2023ರ ಆಗಸ್ಟ್ 23, ಸಂಜೆ 6.04ಕ್ಕೆ.

ವಿವರಿಸುವ ಮಕ್ಕಳಿಗೆ ಭಾಷಣ ಬಾಯಿಪಾಠ ಮಾಡಿಸಬೇಡಿ. ಮನೆಯ ಹಿರಿಯರನ್ನು ಕರೆಸಿ ಪ್ರಶ್ನೆ ಕೇಳಿಸಿ. "ಪ್ಯಾರಾಚೂಟ್ ಯಾಕ ಕಟ್ಟಿಲ್ಲಪಾ?" ಅಂತ ಒಬ್ಬರು ಕೇಳಿದರು. "ಅಲ್ಲಿ ಗಾಳೀನೇ ಇಲ್ರಿ ಮುತ್ಯಾ, ಅದು ಹ್ಯಾಂಗ ಉಬ್ಬತದ?" ಅಂದ ನಮ್ಮ ಒಂಬತ್ತನೇ ತರಗತಿ ಹುಡುಗ. ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ. "ಅದು ವಾಪಸ್ ಬರ್ತದೇನು?" ಅಂತ ಕೇಳಿದರೆ: ಲ್ಯಾಂಡರ್, ರೋವರ್ ಅಲ್ಲೇ ಇವೆ, ಚಂದ್ರನ ರಾತ್ರಿ ಕಳೆದ ಮೇಲೆ ಏಳಲಿಲ್ಲ. ಪ್ರೊಪಲ್ಷನ್ ಮಾಡ್ಯೂಲನ್ನು ಮಾತ್ರ ಭೂಮಿಯ ಕಕ್ಷೆಗೆ ವಾಪಸ್ ತಂದರು.

ತಾಲ್ಲೂಕು ಮಟ್ಟಕ್ಕೆ ಒಯ್ಯಬೇಕಾದರೆ ರಾಕೆಟ್ ಬಿಚ್ಚಿ ಟಂಟಂನಲ್ಲಿ ಅಡ್ಡ ಮಲಗಿಸಿ. ಲ್ಯಾಂಡರನ್ನು ಟೊಪ್ಪಿಗೆಯೊಳಗೇ ಇಟ್ಟು ಸುತ್ತ ಹತ್ತಿ ತುಂಬಿ. ಬೂದಿಯ ಪರಾತಕ್ಕೆ ಒದ್ದೆ ಬಟ್ಟೆ ಬಿಗಿಯಿರಿ, ಇಲ್ಲದಿದ್ದರೆ ಡ್ರೈವರ್ ಅರ್ಧ ದಾರಿಯಲ್ಲೇ ಇಳಿಸಿಬಿಡುತ್ತಾನೆ.