ಭಾಷಣ ಪೂರ್ತಿ ಬಾಯಿಪಾಠ ಮಾಡಬೇಡಿ

ನನ್ನ ಹತ್ತಿರ ಮಾತು ಕಲಿಯಲು ಬಂದವರಿಗೆಲ್ಲ ನಾನು ಮೊದಲು ಹೇಳುವುದೇ ಇದು. ಪೂರ್ತಿ ಬಾಯಿಪಾಠ ಮಾಡಿದರೆ, ನಡುವೆ ಒಂದು ಪದ ಮರೆತರೂ ಮುಂದಿನದೆಲ್ಲ ಕೈಕೊಡುತ್ತದೆ. ಮೊದಲ ಎರಡು ವಾಕ್ಯ, ಕೊನೆಯ ಒಂದು ವಾಕ್ಯ ಮಾತ್ರ ನಾಲಿಗೆಯ ತುದಿಯಲ್ಲಿರಲಿ. ಉಳಿದದ್ದಕ್ಕೆ ಅಂಗೈಯಗಲದ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಒಂದೊಂದು ಪದ ಸಾಕು. ತೆಳು ಹಾಳೆ ಬೇಡ, ಕೈ ನಡುಗಿದರೆ ಅದು ಎಲ್ಲರಿಗೂ ಕಾಣುತ್ತದೆ.

ಅಭ್ಯಾಸ ಎಂದರೆ ಮನಸ್ಸಿನಲ್ಲೇ ಓದಿಕೊಳ್ಳುವುದಲ್ಲ. ಎದ್ದು ನಿಂತು, ಗಟ್ಟಿಯಾಗಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಾ ಹೇಳಿ. ಆಮೇಲೆ ಕೇಳಿಸಿಕೊಳ್ಳಿ. ‘ಏನಪ್ಪಾ ಅಂದ್ರೆ’, ‘ಮತ್ತೆ’, ‘ಆ...’ ಎಲ್ಲೆಲ್ಲಿ ನುಸುಳುತ್ತವೆ ಎಂದು ಗುರುತು ಹಾಕಿಕೊಳ್ಳಿ. ಮುಂದಿನ ಸಲ ಆ ಜಾಗದಲ್ಲಿ ಬಾಯಿ ಮುಚ್ಚಿ ಉಸಿರೆಳೆದುಕೊಳ್ಳಿ, ಅಷ್ಟೇ. ಆ ಮೌನ ನಿಮಗೆ ತೀರಾ ಉದ್ದ ಅನ್ನಿಸುತ್ತದೆ. ಕೇಳುವವರಿಗೆ ಅದು ಯೋಚಿಸಲು ಸಿಕ್ಕ ಬಿಡುವು. ಇದೊಂದನ್ನು ರೂಢಿಸಿಕೊಂಡವರ ಮಾತಿಗೆ ಬರುವ ತೂಕ ಕಂಡು ನನಗೆ ಪ್ರತಿಸಲವೂ ಖುಷಿಯಾಗುತ್ತದೆ.

ಕಣ್ಣನ್ನು ಸಭೆಯ ಮೇಲೆಲ್ಲ ಓಡಿಸಬೇಡಿ. ಒಬ್ಬರನ್ನು ನೋಡುತ್ತಾ ಒಂದು ವಾಕ್ಯ ಮುಗಿಸಿ, ಆಮೇಲೆ ಇನ್ನೊಬ್ಬರ ಕಡೆ ತಿರುಗಿ.

ಸಮಯದ ವಿಷಯದಲ್ಲಿ ನಾನು ಕಟ್ಟುನಿಟ್ಟು. 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್‌ನಲ್ಲಿ ಒಂದೇ ಸಭೆಯಲ್ಲಿ ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಸುಮಾರು 2 ಗಂಟೆ ಮಾತಾಡಿದರು, ಅಧ್ಯಕ್ಷ ಲಿಂಕನ್ ಸುಮಾರು 2 ನಿಮಿಷ. ಜನ ಇಂದಿಗೂ ನೆನೆಯುವುದು ಲಿಂಕನ್ ಆಡಿದ್ದನ್ನು. ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ (ಭಾಷಣ ಅಭ್ಯಾಸ ಮಾಡುವವರ ಕೂಟಗಳು) 5ರಿಂದ 7 ನಿಮಿಷದ ಭಾಷಣಕ್ಕೆ 5ಕ್ಕೆ ಹಸಿರು, 6ಕ್ಕೆ ಹಳದಿ, 7ಕ್ಕೆ ಕೆಂಪು ತೋರಿಸುತ್ತಾರೆ. ಮನೆಯಲ್ಲೂ ಯಾರನ್ನಾದರೂ ಎದುರಿಗೆ ಕೂರಿಸಿ, ಕೈಗೆ ಬಣ್ಣದ ಕಾಗದ ಕೊಟ್ಟು ಹೀಗೇ ಮಾಡಿ. ಕೆಂಪು ಕಂಡ ಕೂಡಲೇ, ನಡುವಿನದೇನು ಉಳಿದಿದ್ದರೂ ಬಿಟ್ಟು, ಆ ಕೊನೆಯ ವಾಕ್ಯಕ್ಕೆ ಬಂದುಬಿಡಿ.